ಮೊಸರು ಕಡೆದ ಚಕ್ರಗಳು

ಕಿಕ್ಕೇರಿಯ ನಮ್ಮ ಮನೆ ಮುಂದೆ ಕಾರಿನಿಂದಿಳಿದ ಹೆಂಗಸು ಕ್ಯಾನಿನ ಮುಚ್ಚಳ ತೆಗೆದು ‘ಅಯ್ಯಯ್ಯೋ!’ ಎಂದರು. ನನ್ನನ್ನು ನೋಡಲು ಅಕ್ಕಿಹೆಬ್ಬಾಳಿನಿಂದ ಬಂದ ಹುಡುಗನ ತಾಯಿ ಅವರು. ತಮ್ಮ ಎಮ್ಮೆಯ ಗಟ್ಟಿ ಮೊಸರು ತಂದಿದ್ದರು. ಈಗ ಮಜ್ಜಿಗೆಯ ಮೇಲೆ ಬೆಣ್ಣೆ ತೇಲುತ್ತಿತ್ತು! ಹೆಣ್ಣಿನ ಮನೆಗೆ ಠೀವಿಯಿಂದ ಬರಲೆಂದು ಹುಡುಗ ಹಿಂದಿನ ದಿನವಷ್ಟೇ ಹಳೇ ಕಾರಿಗೆ ದೊಡ್ಡ ಚಕ್ರ, ತೆಳು ಟೈರು ಹಾಕಿಸಿದ್ದನಂತೆ.

‘ಒಂದೊಂದ್ ಗುಂಡಿಗೂ ಸೊಂಟ ಮುರ್ದೋಯ್ತು ಕಣ್ರವ್ವ! ತಿರುಗ್ಸಿದ್ರೆ ಚಕ್ರ ಮಡ್‌ಗಾಡ್ಗೆ ಉಜ್ತದೆ!’ ಎಂದು ಆಕೆ ಗೋಳಿಟ್ಟರು.

ತಲೆ ತಗ್ಗಿಸಿ ನಿಲ್ಲಬೇಕಿದ್ದ ನಾನು ಗೊಳ್ಳೆಂದು ನಕ್ಕುಬಿಟ್ಟೆ. ಅಪ್ಪ ಕಣ್ಣು ಬಿಟ್ಟರು. ಅಷ್ಟರಲ್ಲಿ ಆ ತಾಯಿಯೂ ಸೆರಗು ಬಾಯಿಗಿಟ್ಟು ನಗತೊಡಗಿದರು.

ಮದುವೆಗೆ ಕಾರು ಹಳೆಯ ಚಕ್ರಗಳಲ್ಲೇ ಬಂತು. ದೊಡ್ಡ ಚಕ್ರಗಳು ಕೊಟ್ಟಿಗೆ ಸೇರಿವೆ. ನಾನು ಕಡಗೋಲು ಹಿಡಿದಾಗಲೆಲ್ಲ ಅತ್ತೆ ಹೇಳುತ್ತಾರೆ: ‘ಯಾಕವ್ವ ತೋಳ್ ನೋಯಿಸ್ಕತೀಯೆ? ಆ ಚಕ್ರ ಹಾಕ್ಸ್ಕೊಂಡು ಗಂಡನ್ ಜೊತೆ ಒಂದ್ ರೌಂಡ್ ಓಗ್ಬಾ!’