ಪೀಂ ಅನ್ನುವ ತನಕ

ಕಿವುಡನಿಗೆ ಹೆಣ್ಣು ಕೊಡಿಸಲು ಹೊರಟ ಚಿಕ್ಕಪ್ಪ ಎಂಬ ಬಿರುದು ಹೋದ ಭಾನುವಾರ ನನಗೆ ಸಿಗುವುದರಲ್ಲಿತ್ತು. ಸ್ವಲ್ಪದರಲ್ಲಿ ಬಚಾವಾದೆ.

ಅಣ್ಣನ ಮಗಳು ಕಸ್ತೂರಿಗೆ ಗಂಡು ಹುಡುಕಿದವನು ನಾನೇ. ಹುಡುಗ ಶಿವಪುತ್ರ, ತಿಕೋಟಾ ಕಡೆಯ ಘೋಣಸಗಿಯವನು. ವಿಜಾಪುರದ ಒಂದು ಆಫೀಸಿನಲ್ಲಿ ವೈರ್‌ಲೆಸ್ ಆಪರೇಟರ್. ಫೋಟೋ ನೋಡಿಯೇ ಕಸ್ತೂರಿ ಒಪ್ಪಿದ್ದಳು. (ಬಾಯಿಬಿಟ್ಟು ಹೇಳಲಿಲ್ಲ. ಫೋಟೋ ವಾಪಸ್ ಕೊಡಲಿಲ್ಲ, ಅಷ್ಟೇ.)

ಬಬಲೇಶ್ವರದ ಅಣ್ಣನ ಮನೆಗೆ ಹುಡುಗ ಬೆಲ್‌ಬಾಟಮ್ ಹಾಕಿಕೊಂಡು ಬಂದ. ಅವನ ಕಡೆಯ ಹಿರಿಯರು ಹಿಂದಿನ ಜೀಪಿಗೆ ಬರುವವರಿದ್ದರು. ನಮ್ಮವ್ವ ಕಾಯಲಿಲ್ಲ. "ತಮ್ಮಾ, ಡ್ಯೂಟಿ ಹೆಂಗ ನಡದೈತಿ?"

ಹುಡುಗ ಅವಳ ಮುಖವನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಅಣ್ಣ ಹೊಲದ ಬಗ್ಗೆ ಕೇಳಿದ. ಅತ್ತಿಗೆ ತಂಗಿಯರ ಬಗ್ಗೆ ಕೇಳಿದಳು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಿದ್ದು ನಮ್ಮ ಮನೆಯಲ್ಲಿ ಯಾವಾಗ? ಹುಡುಗ ಎಲ್ಲರ ಮುಖ ನೋಡಿದ. ಉತ್ತರವಿಲ್ಲ.

ಅವ್ವ ನನ್ನನ್ನು ಮೂಲೆಗೆ ಎಳೆದಳು. "ಹುಡುಗಗ ಕಿವಿ ಕೇಳಸಂಗಿಲ್ಲೇನೋ? ಈ ಸಂಬಂಧ ಬ್ಯಾಡ."

(ಅವ್ವನ ಪಿಸುಮಾತು ಬಸ್ ಸ್ಟ್ಯಾಂಡಿಗೂ ಕೇಳುತ್ತದೆ.) ಚಹಾದ ತಾಟು ಹಿಡಿದು ಬರುತ್ತಿದ್ದ ಕಸ್ತೂರಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಆಗ ನೆನಪಾದದ್ದು ಅವನ ಆಫೀಸಿನಲ್ಲಿ ನೋಡಿದ್ದ ವೈರ್‌ಲೆಸ್ ಸೆಟ್. ಬಟನ್ ಒತ್ತಿ ಮಾತಾಡಬೇಕು, ಮುಗಿದ ಮೇಲೆ ಬಿಡಬೇಕು. ಬಿಟ್ಟಾಗ ಆ ಕಡೆಯವರಿಗೆ 'ಪೀಂ' ಎಂದು ಕೇಳುತ್ತದೆ. ಆಮೇಲೆಯೇ ಅವರ ಸರದಿ. ಇಬ್ಬರೂ ಒಮ್ಮೆಲೇ ಒತ್ತಿದರೆ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ.

"ಯವ್ವಾ, ಅವನ ಕಿವಿ ಚೊಲೋ ಅದಾವ. ದಿನಾ ಪೀಂ ಅಂದ ಮ್ಯಾಲೆ ಮಾತಾಡಿ ರೂಢಿ ಆಗೈತಿ. ಇಲ್ಲಿ ಯಾರೂ ಪೀಂ ಅನವಲ್ರು," ಎಂದೆ.

"ಹುಚ್ಚರಂಗ ಮಾತಾಡಬ್ಯಾಡ," ಎಂದಳು ಅವ್ವ.

ಆದರೆ ಕಸ್ತೂರಿ ಒಳಗೆ ಬಂದಳು. ಚಹಾ ಇಟ್ಟು ಹುಡುಗನನ್ನೇ ಕೇಳಿದಳು, "ನಮ್ಮ ಮನ್ಯಾಗ ಎಲ್ಲಾರೂ ಒಮ್ಮೆಲೇ ಮಾತಾಡ್ತಾರ್ರಿ. ನಿಮಗ ನಡೀತೈತೇನ್ರಿ?"

ಕೇಳಿ, ಚಮಚದಿಂದ ತಾಟಿಗೆ ಬಡಿದಳು. ಠಣ್.

"ನಡೀತೈತ್ರಿ. ಎಲ್ಲಾರದೂ ಕೇಳಿಸ್ಕೊಂಡೇನಿ," ಎಂದ ಹುಡುಗ. ಆಮೇಲೆ ಅವ್ವನಿಗೆ ಡ್ಯೂಟಿ, ಅಣ್ಣನಿಗೆ ಹೊಲ, ಅತ್ತಿಗೆಗೆ ತಂಗಿಯರು, ಹೀಗೆ ಕೇಳಿದ ಸರದಿಯಲ್ಲೇ ಒಂದೂ ಬಿಡದೆ ಉತ್ತರ ಕೊಟ್ಟ.

ಅವ್ವ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದಳು. "ಇಂಥಾ ಕಿವಿ ನಮ್ಮ ಮನ್ಯಾಗ ಯಾರಿಗೈತೋ?" ಎಂದು ತಾನೇ ಎದ್ದು ಹುಡುಗನ ಬಾಯಿಗೆ ಸಕ್ಕರೆ ಹಾಕಿದಳು. ನನ್ನ ಮಾನವೂ ಉಳಿಯಿತು, ಕಸ್ತೂರಿಯ ಫೋಟೋವೂ ಉಳಿಯಿತು.

ವಿಜಾಪುರದ ನನ್ನ ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಒಬ್ಬರ ಮಾತು ಇನ್ನೊಬ್ಬರು ಹೇಗೆ ಕೇಳಬೇಕು ಎಂದು ಸಣ್ಣ ಭಾಷಣವನ್ನೂ ಮಾಡಿದೆ. ನಡುವೆ ಅವಳು ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ಕೇಳಿಯೇ ಬಿಟ್ಟಳು:

"ಎಲ್ಲಾ ಖರೇರಿ. ನೀವು ಬಟನ್ ಯಾವಾಗ ಬಿಡ್ತೀರಿ?"