ಗುಣವಾದವಳ ಸ್ಟೂಲು

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮುಂದೆ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಇದೆ. ಶಿಡ್ಲಘಟ್ಟದ ಅಂಗಡಿಯಲ್ಲಿ ಬಿಂದಿಗೆ ಬಕೆಟ್ಟುಗಳ ನಡುವೆ ನಿಂತಿದ್ದದ್ದನ್ನು ತಂದದ್ದು. ನೆತ್ತಿಯ ಮೇಲೆ ಹೂವಿನಾಕಾರದ ತೂತುಗಳು, ಒಂದು ಕಾಲಿಗೆ ಬಿಸಿ ಬಾಣಲೆ ತಾಗಿ ಕರಗಿದ ಗುರುತು. ನಾನು ಅದರ ಮೇಲೆ ಕೂತೇ ಕಾಳು ಬಸಿಯುತ್ತೇನೆ, ಕೂತೇ ಒಗ್ಗರಣೆ ಹಾಕುತ್ತೇನೆ, ಮುದ್ದೆ ತಿರುವುವ ಕೆಲಸವನ್ನು ಮಾತ್ರ ಅತ್ತೆಗೆ ಬಿಟ್ಟಿದ್ದೇನೆ. ಮನೆಗೆ ಬಂದವರು ಇಣುಕಿ, "ಏನಮ್ಮ, ಮಹಾರಾಣಿ ಹಂಗೆ ಕೂತ್ಕೊಂಡು ಅಡುಗೆ ಮಾಡ್ತೀಯಲ್ಲ!" ಎಂದು ನಗುತ್ತಾರೆ. ಮಹಾರಾಣಿಗೆ ನಿಲ್ಲಲು ಏಕೆ ಆಗುವುದಿಲ್ಲವೆಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನೀವಾದರೂ ಕೇಳಿದಿರೆಂದುಕೊಂಡು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರು ಸಾದಲಿಗೆ ಚಿಕನ್‌ಗುನ್ಯ ಬಂದು ಒಂದು ಮನೆಯನ್ನೂ ಬಿಡದೆ ಸುತ್ತಿತು. ಎಲ್ಲರೂ ಮಲಗಿದರು, ಎಲ್ಲರೂ ಎದ್ದರು. ನನಗೆ ಜ್ವರ ಬಿಟ್ಟಿತು, ಹಾಸಿಗೆ ಬಿಡಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು ನಾನು. ದಣಿವು, ಬಳಲಿಕೆ, ಆಯಾಸ, ಸುಸ್ತು ಎಂದು ಸಮಾನಾರ್ಥಕ ಪದಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳಿಗೆ, ತನ್ನ ಮೈಗೆ ಬಂದದ್ದಕ್ಕೆ ಅವುಗಳಲ್ಲಿ ಒಂದೂ ಹೊಂದಲಿಲ್ಲ. ದಣಿವೆಂದರೆ ಮಲಗಿದರೆ ಹೋಗುವಂಥದ್ದು. ಇದೋ, ಇವತ್ತು ತಲೆಗೆ ನೀರು ಹಾಕಿಕೊಂಡರೆ ನಾಳೆಯೂ ನಾಳಿದ್ದೂ ಕೈಯೆತ್ತಲು ಬಿಡದಂಥದ್ದು. ಬೆಂಗಳೂರಿನ ದೊಡ್ಡ ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷಿಸಿ, ಎಲ್ಲವೂ ನಾರ್ಮಲ್ ಎಂದು ಬೇಸರದಿಂದ ಹೇಳಿ, ಕೊನೆಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದರು. ಬಹುಕಾಲದಿಂದ ದಣಿದಿದ್ದೇನೆ ಸ್ವಾಮಿ ಎಂದು ನಾನು ಕನ್ನಡದಲ್ಲಿ ಹೇಳಿಕೊಂಡದ್ದನ್ನೇ ಇಂಗ್ಲಿಷಿಗೆ ತಿರುಗಿಸಿ ನನ್ನ ಕೈಗೇ ಕೊಟ್ಟಿದ್ದರು.

ಮನೆಯವರ ವೈದ್ಯವೂ ಕಡಿಮೆಯದಲ್ಲ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಪೊರೆ ಕಳಚುವ ಹೊತ್ತಿಗೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಆಗ ಹುಳುಮನೆಯಲ್ಲಿ ಯಾರೂ ತಟ್ಟೆ ಅಲ್ಲಾಡಿಸುವಂತಿಲ್ಲ, ಒಂದೆಲೆ ಸೊಪ್ಪು ಹಾಕುವಂತಿಲ್ಲ. ಹಾಕಿದವರಿಗೆ ಅತ್ತೆಯಿಂದ ಸಹಸ್ರನಾಮ. ಹುಳುವಿಗೆ ಇಷ್ಟು ಮರ್ಯಾದೆ ಕೊಡುವ ಅದೇ ಅತ್ತೆ ನನ್ನ ಮಂಚದ ಬಳಿ ಬಂದು, "ಎದ್ದು ನಾಲ್ಕು ಹೆಜ್ಜೆ ಓಡಾಡಮ್ಮ, ಮಲಗಿ ಮಲಗಿ ಮೈ ಜಡ್ಡುಗಟ್ಟೈತೆ" ಎನ್ನುತ್ತಿದ್ದರು. ಈ ಮನೆಯಲ್ಲಿ ಹುಳುವಾಗಿ ಹುಟ್ಟಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸಿದ್ದುಂಟು.

ಕೊನೆಗೆ ದೊಡ್ಡ ಡಾಕ್ಟರು ನನ್ನನ್ನು ಮಾತಿನ ಚಿಕಿತ್ಸೆಗೆಂದು ಚಿಕ್ಕಬಳ್ಳಾಪುರದ ಆಪ್ತಸಮಾಲೋಚಕಿಯೊಬ್ಬರ ಬಳಿಗೆ ಕಳಿಸಿದರು. ಗೋಡೆಯ ಮೇಲೆ ಬೆಟ್ಟದ ಹಿಂದೆ ಸೂರ್ಯ ಹುಟ್ಟುತ್ತಿರುವ ಚಿತ್ರ, ಮೇಜಿನ ಮೇಲೆ ಕಣ್ಣೀರಿಗೆಂದು ಟಿಶ್ಯೂ ಡಬ್ಬ, ಜೇನಿನಂಥ ದನಿ. "ಕಾಯಿಲೆ ಯಾವತ್ತೋ ಹೋಗಿದೆ ಮೇಡಂ. ಉಳಿದಿರೋದು ಕಾಯಿಲೆ ಬಗ್ಗೆ ನಿಮಗಿರೋ ಭಯ ಅಷ್ಟೆ. 'ಆಗಲ್ಲ' ಅನ್ನೋ ಮಾತು ಬಿಟ್ಬಿಡಿ. ದಿನಾ ನಿನ್ನೆಗಿಂತ ಸ್ವಲ್ಪ ಜಾಸ್ತಿ ನಡೀರಿ. ಆ ಸ್ಟೂಲನ್ನ ಮೊದಲು ತೆಗೀರಿ, ಅದೇ ನಿಮ್ಮನ್ನ ರೋಗಿ ಮಾಡ್ತಿರೋದು." ಕಚ್ಚಿದ ಸೊಳ್ಳೆ ತಪ್ಪಿಸಿಕೊಂಡು, ಪಾಪದ ಸ್ಟೂಲು ಸಿಕ್ಕಿಬಿದ್ದಿತ್ತು.

ಸುಳ್ಳೇಕೆ ಹೇಳಲಿ, ಒಬ್ಬರು ಗಂಟೆಹೊತ್ತು ನಮ್ಮನ್ನೇ ನೋಡುತ್ತ ಹೂಂಗುಟ್ಟುತ್ತ ಕೂರುವುದು ಹಿತವಾಗಿಯೇ ಇರುತ್ತದೆ. ಬಸ್ಸಿಳಿದು ಮನೆಗೆ ಬರುವಾಗ ಮನಸ್ಸು ಹಗುರ. ಮಾರನೆಯ ದಿನ ಮೈ ಮಣಭಾರ. ಮನಸ್ಸು ಹಗುರಾದದ್ದನ್ನು ಅವರು ಕೇಳಿ ತಿಳಿದುಕೊಳ್ಳುತ್ತಿದ್ದರು, ಮೈ ಭಾರವಾದದ್ದನ್ನು ಭಯ ಎನ್ನುತ್ತಿದ್ದರು. ಹೇಳಿದ ಮಾತು ಕೇಳುವ ಜಾತಿ ನನ್ನದು, ಸ್ಟೂಲನ್ನು ಅಟ್ಟಕ್ಕೇರಿಸಿದೆ. ಒಂದು ಬೆಳಿಗ್ಗೆ ಒಗ್ಗರಣೆ ಚಟಪಟಗುಡುತ್ತಿರುವಾಗಲೇ ಕಾಲು ಸೋತು ಒಲೆಯ ಮುಂದೆ ಕುಸಿದೆ. ಅತ್ತೆ ಓಡಿ ಬಂದು ಒಲೆ ಆರಿಸಿದರು, ನನ್ನನ್ನು ಗೋಡೆಗೆ ಒರಗಿಸಿದರು, ಏಣಿ ಹಾಕಿ ಅಟ್ಟದಿಂದ ಸ್ಟೂಲನ್ನು ಇಳಿಸಿದರು. ಅಂದಿನಿಂದ ಅವರು ನನಗೆ ಓಡಾಡು ಎಂದಿಲ್ಲ.

ಇನ್ನು ಚಿಕಿತ್ಸೆ ಮುಗಿದ ದಿನದ ವಿಚಾರ. ನಮ್ಮ ಸೀಮೆಯಲ್ಲೊಂದು ಪದ್ಧತಿಯಿದೆ, ನೀವೂ ಬಲ್ಲಿರಿ. ಒಳ್ಳೆಯ ಮಾತಾಡಿಸಿದ ಡಾಕ್ಟರನ್ನು ಬಿಟ್ಟು ಬರುವಾಗ ಹಣ್ಣು ಕೊಟ್ಟು, ಕೈಮುಗಿದು, "ನಿಮ್ಮ ಕೈಗುಣ ದೊಡ್ಡದು, ಗುಣ ಆಯ್ತು" ಎನ್ನುವುದು. ಉಂಡೆದ್ದವರು ಸಾರಿಗೆ ಉಪ್ಪಿಲ್ಲದಿದ್ದರೂ ಊಟ ಚೆನ್ನಾಗಿತ್ತು ಎನ್ನುವುದಿಲ್ಲವೇ, ಹಾಗೆ. ನಾನೂ ದ್ರಾಕ್ಷಿ ಒಯ್ದಿದ್ದೆ, ನಾನೂ ಆ ಮಾತು ಹೇಳಿದೆ. ನಮ್ಮೂರಿನ ನಾಟಿ ವೈದ್ಯನಾಗಿದ್ದರೆ ಹಣ್ಣು ತೆಗೆದುಕೊಂಡು, ಮಾತನ್ನು ಗಾಳಿಗೆ ಬಿಟ್ಟು, "ಹೋಗ್ಬಾಮ್ಮ" ಎನ್ನುತ್ತಿದ್ದ. ಈ ಮಹಾತಾಯಿ ಹಣ್ಣನ್ನು ಬೇಡವೆಂದು, ಮಾತನ್ನು ಇಟ್ಟುಕೊಂಡರು! ಬಸ್ಸಿನ ಮೆಟ್ಟಿಲು ಹತ್ತುತ್ತೀರಾ, ಕರಿಹಲಗೆಯ ಮುಂದೆ ಒಂದು ಪೀರಿಯಡ್ ನಿಲ್ಲುತ್ತೀರಾ ಎಂದು ಅಂದೂ ಕೇಳಲಿಲ್ಲ, ಅದಾದ ಮೇಲೆ ವರ್ಷಗಳುರುಳಿದರೂ ಒಂದು ಫೋನು ಮಾಡಿ ಕೇಳಲಿಲ್ಲ. ನನ್ನ ಕೆಲಸ ಹೋದದ್ದೂ ಅವರಿಗೆ ಗೊತ್ತಿಲ್ಲ. ಬೀಳ್ಕೊಡುವ ನಮಸ್ಕಾರವನ್ನೇ ಚಿಕಿತ್ಸೆಯ ಫಲವೆಂದು ಎಣಿಸುವುದಾದರೆ ನಮ್ಮ ಸೀಮೆಯಲ್ಲಿ ಒಂದು ಕಾಯಿಲೆಯೂ ಉಳಿಯುವಂತಿಲ್ಲ.

ಅಲ್ಲಿಯ ಬೆಂಚಿನ ಮೇಲೆ ಪರಿಚಯವಾದವರು ಗೌರಿಬಿದನೂರಿನ ನಂಜುಂಡಪ್ಪನವರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು, ನನ್ನದೇ ಕಾಯಿಲೆ, ಆದರೆ ನನ್ನ ನಯವಿಲ್ಲ. ಎರಡನೆಯ ಭೇಟಿಯಲ್ಲೇ "ಇದನ್ನೆಲ್ಲ ನನ್ನ ಕಾಲಿಗೆ ಹೇಳಿ ಮೇಡಂ, ನನಗೆ ಹೇಳಿ ಏನು ಪ್ರಯೋಜನ?" ಎಂದು ಎದ್ದು ಬಂದರು, ಅವರು ಸಹಕರಿಸದ ರೋಗಿ ಎನಿಸಿಕೊಂಡರು, ನಾನು ಗುಣವಾದವಳು ಎನಿಸಿಕೊಂಡೆ. ಈಗ ಅವರು ಅಲ್ಲಿ ಮಲಗಿಕೊಂಡು, ನಾನು ಇಲ್ಲಿ ಮಲಗಿಕೊಂಡು ಆಗಾಗ ಫೋನಿನಲ್ಲಿ ಮಾತಾಡುತ್ತೇವೆ. ಸಹಕರಿಸಿದವಳಿಗೂ ಸಹಕರಿಸದವರಿಗೂ ಇಷ್ಟು ವರ್ಷಗಳ ಮೇಲೆ ಇರುವ ವ್ಯತ್ಯಾಸವೆಂದರೆ, ಅವರ ಮಂಚ ತೇಗದ್ದು, ನನ್ನದು ಕಬ್ಬಿಣದ್ದು. ಇಬ್ಬರನ್ನು ನೋಡಿ ಲೋಕಕ್ಕೆಲ್ಲ ತೀರ್ಪು ಹೇಳಬಾರದು, ಬಲ್ಲೆ. ಆದರೆ ಅತ್ತ ಕಡೆಯವರು ನನ್ನೊಬ್ಬಳನ್ನೇ ತೋರಿಸಿ ತೀರ್ಪು ಹೇಳುತ್ತಿದ್ದಾರೆಂದು ಮೊನ್ನೆ ತಿಳಿಯಿತು.

ಮೊನ್ನೆ ಸಾರಿಗೆ ಇಟ್ಟು ಸ್ಟೂಲಿನ ಮೇಲೆ ಕೂತಿದ್ದಾಗ ಫೋನು ಬಂತು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವ ವೆಂಕಟರಮಣಪ್ಪ ಎಂಬವರು. ಡಿಗ್ರಿ ಓದುವ ಮಗಳು ಜ್ವರ ಬಂದು ಮಲಗಿದವಳು ಎದ್ದಿಲ್ಲವಂತೆ. ಅದೇ ಆಪ್ತಸಮಾಲೋಚಕಿ, ಸಾದಲಿಯ ಟೀಚರೊಬ್ಬರು ಪೂರ್ತಿ ಗುಣವಾದರೆಂದು ಧೈರ್ಯ ತುಂಬಿದ್ದಾರೆ. ಸಾದಲಿಯೇನು ಮಹಾನಗರವೇ, ಈತ ವಿಚಾರಿಸಿ ನನ್ನ ನಂಬರು ಹಿಡಿದಿದ್ದರು.

"ನಿಮಗೆ ಪೂರ್ತಿ ಗುಣ ಆಯ್ತಂತೆ ಕದಮ್ಮಾ?" ಎಂದರು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ. "ನಮ್ಮ ಹುಡುಗಿ ಆಗಲ್ಲ ಆಗಲ್ಲ ಅಂತ ಅಳ್ತದೆ. ಸೋಮವಾರದಿಂದ ಹಾಸಿಗೆ ಸುತ್ತಿ ಮೇಲೆ ಹಾಕಿ, ಬಲವಂತವಾಗಾದ್ರೂ ನಡೆಸಿ ಅಂದವ್ರೆ. ನಿಮ್ಮ ಬಾಯಲ್ಲೊಂದು ಮಾತು ಕೇಳಿ ಮಾಡಣ ಅಂತ."

ಗುಣವಾದೆ ಎಂದರೆ ಒಂದು ತಂದೆಯ ಜೀವಕ್ಕೆ ಎಷ್ಟು ಸಮಾಧಾನ! ಮರ್ಯಾದೆಯ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು. ನಾನು ಅದನ್ನು ನುಂಗಿದೆ.

"ಇಲ್ಲಪ್ಪ, ನನಗೆ ಗುಣ ಆಗಿಲ್ಲ. ಹೊರಡುವಾಗ ಮರ್ಯಾದೆಗೆ ಒಂದು ಮಾತು ಹೇಳಿ ಬಂದಿದ್ದೆ, ಅವರು ಅದನ್ನೇ ಹಿಡ್ಕೊಂಡಿದಾರೆ. ಈಗಲೂ ಸ್ಟೂಲಿನ ಮೇಲೆ ಕೂತೇ ಸಾರು ಮಾಡ್ತಿದೀನಿ. ಹಾಸಿಗೆ ಸುತ್ತಬೇಡಿ. ಮಗು ಆಗಲ್ಲ ಅಂದ್ರೆ ಆಗಲ್ಲ ಅಂತಾನೇ."

ನಂಬಿಕೊಂಡು ಬಂದವರ ಆಸೆ ಮುರಿದೆನೆಂದುಕೊಂಡು ಸಾರನ್ನು ಒಮ್ಮೆ ತಿರುವಿದೆ.

"ಅಂಗಾದ್ರೆ ನಮ್ಮ ಮಗು ಸುಳ್ಳು ಹೇಳ್ತಿಲ್ಲ" ಎಂದರು, ನನಗಲ್ಲ, ತಮಗೇ ಎಂಬಂತೆ. ಆಮೇಲೆ, "ಅಮ್ಮಾ, ಅದು ಹಲ್ಲುಜ್ಜಕ್ಕೂ ನಿಂತ್ಕೊಳ್ಳಕ್ಕಾಗಲ್ಲ ಅಂತದೆ. ಆ ನಿಮ್ಮ ಸ್ಟೂಲು ಎಷ್ಟೆತ್ತರ ಐತೆ?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ಈ ಕಾಯಿಲೆಯ ಬಗ್ಗೆ ಯಾರೂ ನನ್ನನ್ನು ಇಷ್ಟು ಉಪಯೋಗದ ಪ್ರಶ್ನೆ ಕೇಳಿರಲಿಲ್ಲ. "ಇರಿ, ನೋಡಿ ಹೇಳ್ತೀನಿ" ಎಂದು ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿಕೊಂಡು, ನೆಲಕ್ಕೆ ಇಳಿದು ಕೂತು, ಕರಗಿದ ಕಾಲಿನ ಬುಡದಿಂದ ಮೇಲಕ್ಕೆ ಗೇಣು ಹಾಕತೊಡಗಿದೆ. ಮೇಲುಗಡೆ ಸಾರು ಉಕ್ಕಿ ಒಲೆ ಚುರ್ರೆಂದಿತು. ಅತ್ತೆ ಬಂದು ಆರಿಸಿದರು. ಲೆಕ್ಕ ತಪ್ಪಬಾರದೆಂದು ನಾನು ಇನ್ನೊಂದು ಸಲ ಅಳೆದೆ.