ಅತ್ತೆಯ ಕೈಗೊಂದು ಕತ್ತರಿ

ಕಳೆದ ತಿಂಗಳು ನಮ್ಮ ಅತ್ತೆ ನನ್ನ ಮೇಲೆ ಕತ್ತರಿ ಎಸೆದರು.

(ಗಾಬರಿಯಾಗಬೇಡಿ, ತಾಗಲಿಲ್ಲ. ಎಡಗೈಯಲ್ಲಿ ಎಸೆದದ್ದು.)

ಅತ್ತೆ ಅಂದರೆ ನನ್ನ ಹೆಂಡತಿ ಜಯಳ ತಾಯಿ, ಕೋಗಿಲು ಊರಿನ ಪಿಳ್ಳಮ್ಮ. ಅಲ್ಲಿ ಅವರದೊಂದು ದ್ರಾಕ್ಷಿ ತೋಟವಿದೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರ. ಮಾವ ಹೋದ ಮೇಲೆ ಅದನ್ನು ನಡೆಸಿದ್ದು ಅವರೇ. ವರ್ಷಾ ವರ್ಷ ಹಳೇ ಕಡ್ಡಿ ಸವರುವ ಕಾಲ ಬಂದರೆ ಕೂಲಿಯವರ ಜೊತೆ ತಾವೂ ಕತ್ತರಿ ಹಿಡಿದು ನಿಲ್ಲೋರು. ಯಾವ ಚಿಗುರುಕಣ್ಣು ಬಿಡಬೇಕು, ಎಲ್ಲಿ ಕತ್ತರಿಸಬೇಕು ಅನ್ನೋದರಲ್ಲಿ ಅವರ ಮಾತೇ ಫೈನಲ್.

ಈ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯ್ತು, ಮಾತು ವಾಪಸ್ ಬಂತು. ಬಲಗೈ ಮಾತ್ರ ಮುನಿಸಿಕೊಂಡೇ ಕೂತಿತು. ಎತ್ತಿದರೆ ನಡುಗುತ್ತೆ. ಮುಚ್ಚಿದ ಬೆರಳು ಬಿಚ್ಚೋದಿಲ್ಲ.

ಜಯ ಅವರನ್ನು ಆರ್.ಟಿ. ನಗರದ ನಮ್ಮ ಮನೆಗೆ ಕರೆತಂದಳು. ಎಲ್ಲರೂ ಸೇವೆಗೆ ನಿಂತೆವು. ತಲೆ ಬಾಚಿದೆವು, ಅನ್ನ ಕಲಸಿ ಕೊಟ್ಟೆವು. ಭಾನುವಾರ ಸಂಜೆ ಟಿವಿ ಸಿನಿಮಾಗೆ ಅಕ್ಕಪಕ್ಕದವರೆಲ್ಲ ತುಂಬಿಕೊಂಡರೂ ಒಳ್ಳೇ ಕುರ್ಚಿ ಅವರಿಗೇ. ಅತ್ತೆ ಖುಷಿಪಟ್ಟರಾ? ಗೋಡೆ ಕಡೆ ತಿರುಗಿ ಮಲಗಿದರು.

ಅಷ್ಟರಲ್ಲಿ ಭಾಮೈದ ನಂಜಪ್ಪ ಬಂದ. "ಅವ್ವಾ, ಈ ಸಲ ತೋಟಾನ ಗುತ್ತಿಗೆಗೆ ಕೊಟ್ಬುಡ್ತೀನಿ. ನಿನ್ ಕೈಲಿ ಆಗಲ್ಲ."

ಅತ್ತೆ ಮುಸುಕು ಎಳೆದುಕೊಂಡರು. ಅವತ್ತು ಊಟವನ್ನೂ ಮಾಡಲಿಲ್ಲ.

ನಾನು ಫ್ಯಾಕ್ಟರಿಯಲ್ಲಿ ಡ್ರಾಯಿಂಗ್ ಬರೆಯೋನು. ಸುಮ್ಮನಿರೋಕಾಗುತ್ತಾ? ಒಂದು ವಾರ ಕೂತು ಸ್ಪೆಷಲ್ ಕತ್ತರಿ ಮಾಡಿಸಿದೆ. ದಪ್ಪ ಮರದ ಹಿಡಿ, ಡಬಲ್ ಸ್ಪ್ರಿಂಗು, ಮೊಣಕೈತನಕ ಚರ್ಮದ ಪಟ್ಟಿ. ಅತ್ತೆಯ ಬಲಗೈಗೆ ಬಿಗಿದು ನಮ್ಮ ಕಾಂಪೌಂಡಿನ ದಾಸವಾಳದ ಮುಂದೆ ನಿಲ್ಲಿಸಿದೆ. ಕೈ ನಡುಗಿತು. ಒಣಕಡ್ಡಿ ಹಾಗೇ ಉಳಿಯಿತು, ಪಕ್ಕದ ಮೊಗ್ಗು ಉದುರಿತು. ಅವರು ಪಟ್ಟಿ ಬಿಚ್ಚಿ ಎಸೆದದ್ದು ಆಗಲೇ.

"ಇದೇನ್ ಅಳಿಯಂದ್ರೇ, ಎತ್ತಿಗೆ ಕಟ್ಟೋ ನೊಗ ಮಾಡ್ಸ್ಕಂಡ್ ಬಂದಿದೀರಾ?"

ಜಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಅಲ್ರೀ, ಅವ್ವಂಗೆ ಏನ್ ಬೇಕು ಅಂತ ಅವ್ವನ್ನೇ ಕೇಳಬಾರ್ದಾ?"

ಕೇಳಿದೆ. ಅತ್ತೆ ಜಗುಲಿ ಮೇಲೆ ಸರಿಯಾಗಿ ಕೂತರು. ತಿಂಗಳುಗಳಿಂದ ಇದನ್ನೇ ಕಾಯುತ್ತಿದ್ದ ಹಾಗೆ.

"ಬೆರಳು ಎಂಗೂ ಮುಚ್ಕಂಡೇ ಇರ್ತವಲ್ಲ, ಅದಕ್ಕೊಂದು ಅಗ್ಗ ಸಿಕ್ಕಿಸ್ರಿ, ಎಳೀತೀನಿ. ಕತ್ರಿ ಬಾರಾನ ಚಪ್ಪರದ ತಂತಿ ಒರ್ಲಿ. ದಾರಿ ತೋರ್ಸಾಕೆ ಎಡಗೈ ಐತಲ್ಲ."

ಬಿಚ್ಚದ ಬೆರಳೇ ಕೆಲಸಕ್ಕೆ ಬರುತ್ತೆ ಅಂತ ನಮಗ್ಯಾರಿಗೆ ಹೊಳೆದಿತ್ತು ಹೇಳಿ!

ಹೆಬ್ಬಾಳದಲ್ಲಿ ಗೌಸ್ ಅಂತ ವೆಲ್ಡಿಂಗ್ ಅಂಗಡಿಯವರು ಪರಿಚಯ. "ಅಮ್ಮನ್ನೂ ಕರ್ಕೊಂಡ್ ಬನ್ನಿ ಸಾಬ್, ಕೈ ನೋಡ್ದೆ ಹೆಂಗ್ ಮಾಡೋದು?" ಅಂದರು. ಆಟೋದಲ್ಲಿ ಕರೆದೊಯ್ದೆ. ಉದ್ದನೆಯ ಪೈಪಿನ ತುದಿಗೆ ಕೊಕ್ಕೆ, ಅದರ ಕೆಳಗೆ ಕತ್ತರಿ, ಕತ್ತರಿಯ ಒಂದು ಹಿಡಿಯಿಂದ ಇಳಿಬಿಟ್ಟ ಹಗ್ಗ. ಹಗ್ಗದ ತುದಿಗೆ, ಬಲಮುಷ್ಟಿಯೊಳಗೆ ತೂರಿಸೋಕೆ, ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಹಿಡಿ. ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ ಹಗ್ಗ ಎಳೆದರೆ ಕಡ್ಡಿ ಕಟ್! ಅತ್ತೆ ಎಡಗೈಯಲ್ಲಿ ಎತ್ತಿ ನೋಡಿದರು. "ಬಾರ ಕಣಪ್ಪಾ." ಗೌಸ್ ಪೈಪು ತೆಗೆದು ಬಿದಿರು ಹಾಕಿಕೊಟ್ಟರು. ಅತ್ತೆ ಮೊದಲ ಸಲ ನಕ್ಕರು.

ಮುಂದಿನ ಭಾನುವಾರ ಕೋಗಿಲಿಗೆ ಹೋದೆವು. ನಂಜಪ್ಪ ಗುತ್ತಿಗೆ ಹಿಡಿಯುವವರನ್ನು ಕರೆಸಿ ತೋಟದಲ್ಲೇ ಮಾತಾಡುತ್ತಿದ್ದ. ಅತ್ತೆ ನೇರ ಚಪ್ಪರದ ಕೆಳಗೆ ನಡೆದರು. ಕೊಕ್ಕೆ ಸಿಕ್ಕಿಸಿದರು, ಎಡಗೈಯಲ್ಲಿ ಬಿದಿರು ಹಿಡಿದು ಕತ್ತರಿಯ ಬಾಯಿ ತಿರುಗಿಸಿದರು, ಬಲಗೈಯಲ್ಲಿ ಎಳೆದರು. ತಪ್ಪಿತು. ಇನ್ನೊಮ್ಮೆ ಎಳೆದರು.

ಕಡ್ಡಿ ಅವರ ಕಾಲಬುಡದಲ್ಲಿ ಬಿತ್ತು. ಬಿಡಬೇಕಾದ ಚಿಗುರುಕಣ್ಣಿನಿಂದ ತುಸು ಮೇಲಕ್ಕೇ ತುಂಡಾಗಿತ್ತು.

"ಅವ್ವಾ, ಬಿಸ್ಲು. ಕೂತ್ಕೋ ಬಾ" ಅಂದ ನಂಜಪ್ಪ.

"ಕೂತೂ ಕೂತೂ ಸಾಕಾಗೈತೆ ಕಣ್ಲಾ. ಓಗು, ಆ ಸಾಲು ನೀನ್ ಸವರು. ಕಣ್ಣು ಕತ್ತರಿಸ್ಬುಟ್ಟೀಯ, ಉಸಾರು!"

ನಂಜಪ್ಪ ಬಂದವರ ಕಡೆ ತಿರುಗಿ, "ಈ ವರ್ಷ ಬ್ಯಾಡ ಕಣಣ್ಣಾ" ಅಂದ.

ಇಡೀ ದಿನದಲ್ಲಿ ಅತ್ತೆ ಸವರಿದ್ದು ಒಂದೇ ಸಾಲು. ಮೊದಲಾಗಿದ್ದರೆ ಬೆಳಗಿನ ತಿಂಡಿಗೆ ಮುಂಚೆಯೇ ಅಷ್ಟು ಮುಗಿಸೋರು. ಭುಜ ಬೇರೆ ನೋವು. ಆದರೆ ಸಂಜೆ ಮುದ್ದೆ ಮುಂದೆ ಕೂತು, "ಇನ್ನೊಂದ್ ಸ್ವಲ್ಪ ಸಾರು ಬುಡು" ಅಂತ ಜಯಳ ಮೇಲೆ ರೇಗಿದರಲ್ಲ, ಆ ರೇಗಾಟ ಕೇಳಿ ನಮಗೆಲ್ಲ ಹಬ್ಬ.

ಈಗ ಕೆಂಪಾಪುರದ ಹೆಂಗಸೊಬ್ಬರು ತಮ್ಮ ಈಳಿಗೆಮಣೆ ಹೊತ್ತುಕೊಂಡು ಗೌಸ್ ಅಂಗಡಿಗೆ ಬಂದಿದ್ದಾರಂತೆ. ಅವರ ಬೆರಳುಗಳೂ ಹೇಳಿದ ಮಾತು ಕೇಳೋದಿಲ್ಲವಂತೆ.

ರವಿಕೆಗೆ ಅಳತೆ ಕೊಡುತ್ತೇವೆ, ಚಪ್ಪಲಿಗೆ ನಂಬರ್ ಹೇಳುತ್ತೇವೆ, ಕನ್ನಡಕಕ್ಕೆ ಕಣ್ಣು ತೋರಿಸುತ್ತೇವೆ. ಕತ್ತರಿ, ಚಾಕು, ಸುತ್ತಿಗೆ ವಿಷಯದಲ್ಲಿ ಮಾತ್ರ ಲೋಕದ ಕೈಗಳೆಲ್ಲ ಒಂದೇ ಅಂತ ನಮಗೆ ಹೇಳಿದವರು ಯಾರು?